ಆರು ಗಂಟೆ ಹದಿನಾಲ್ಕು ನಿಮಿಷ

ಅತ್ತಿಗೆಯ ಬಗ್ಗೆ ಬರೆಯಲು ಕೂತರೆ ಮೊದಲು ಹೋಗುವುದು ನನ್ನ ಮರ್ಯಾದೆ. ಹೋಗಲಿ ಬಿಡಿ. ಇಷ್ಟು ವರ್ಷ ಅದನ್ನು ಜೋಪಾನ ಮಾಡಿಟ್ಟುಕೊಂಡು ನಾನು ಕಡಿದು ಗುಡ್ಡೆ ಹಾಕಿದ್ದೇನೂ ಇಲ್ಲ.

ಅವರು ನಮ್ಮ ಮನೆಗೆ ಬಂದಾಗ ನಾನು ಹತ್ತನೆಯ ತರಗತಿಯಲ್ಲಿದ್ದೆ. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಅಪ್ಪ, ಅಣ್ಣ, ನಾನು ಸೇರಿ ಮನೆಯನ್ನು ಬಸ್ ನಿಲ್ದಾಣ ಮಾಡಿಟ್ಟಿದ್ದೆವು. ಮದುವೆಗೆ ಮುಂಚೆ ಅತ್ತಿಗೆ ನಾಲ್ಕು ವರ್ಷ ಬುಕ್ ಬೈಂಡಿಂಗ್ ಅಂಗಡಿಯಲ್ಲಿ ದುಡಿದವರು. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಮಡಚಿ, ಒಂದರ ಮೇಲೊಂದು ಜೋಡಿಸಿ, ಬೆನ್ನಿಗೆ ದಾರ ಹಾಕಿ ಹೊಲಿದು, ಅಂಟು ಬಳಿದು ರಟ್ಟು ಕೂರಿಸುವ ಕೆಲಸ. ಬಂದ ವಾರದಲ್ಲೇ ನನ್ನ ಕಿತ್ತುಹೋದ ಗಣಿತದ ಪುಸ್ತಕವನ್ನು ಹೊಲಿದುಕೊಟ್ಟರು. ವರ್ಷ ಮುಗಿದರೂ ಅದರ ಒಂದು ಹಾಳೆಯೂ ಕದಲಲಿಲ್ಲ. ಗಣಿತ ಮಾತ್ರ ನನ್ನ ತಲೆಗೆ ಹತ್ತಲಿಲ್ಲ. ಅದು ಬೈಂಡಿಂಗಿನ ತಪ್ಪಲ್ಲ.

ಆಮೇಲೆ ನಾನು ಬಟ್ಟೆ ಹೊಲಿಯುವ ಫ್ಯಾಕ್ಟರಿ ಸೇರಿದೆ. ಹೊಲಿಯುವುದಕ್ಕಲ್ಲ, ಹೊಲಿಯುವವರನ್ನು ಅಳೆಯುವುದಕ್ಕೆ. ಕಾಲರ್ ಕೂರಿಸಲು ಎಷ್ಟು ಸೆಕೆಂಡು, ಗುಂಡಿ ಹಾಕಲು ಎಷ್ಟು ಸೆಕೆಂಡು ಎಂದು ಸ್ಟಾಪ್‌ವಾಚ್ ಹಿಡಿದು ಬೆನ್ನ ಹಿಂದೆ ನಿಲ್ಲುವುದು ನನ್ನ ಕಸುಬು. ಲೈನಿನ ಹೆಂಗಸರು ನನಗಿಟ್ಟ ಹೆಸರು ‘ಮುಳ್ಳು’. ಗಡಿಯಾರದ್ದೋ ಕಾಲಿಗೆ ಚುಚ್ಚುವುದೋ ಎಂದು ಕೇಳಿದರೆ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಗುತ್ತಿದ್ದರು.

ಈ ಕಸುಬಿನಲ್ಲಿ ಮೊದಲ ದಿನ ಕಲಿಸುವುದು ಎರಡು ಮಾತು. ಕೈ ನಿಂತರೆ ವಾಚೂ ನಿಲ್ಲಬೇಕು. ಬಟ್ಟೆ ಬರಲೆಂದು ಕಾಯುವುದು, ದಾರ ತರಲೆಂದು ಕಾಯುವುದು ಆ ಕೆಲಸದ ಲೆಕ್ಕಕ್ಕಿಲ್ಲ. ಇನ್ನೊಂದು, ವಾಚು ಕಂಡ ಕೂಡಲೇ ಲೈನಿನವರು ಕೈ ನಿಧಾನ ಮಾಡುತ್ತಾರೆ. ಮಾಡದೆ ಇನ್ನೇನು? ಇವತ್ತು ಬೇಗ ಹೊಲಿದು ತೋರಿಸಿದರೆ ನಾಳೆಯಿಂದ ಅದೇ ಟಾರ್ಗೆಟ್ಟು ಕುತ್ತಿಗೆಗೆ ಬೀಳುತ್ತದೆ. ಅದಕ್ಕೇ ಬಂದ ಅಂಕಿಯಲ್ಲಿ ನೂರಕ್ಕೆ ಹದಿನೈದು ಕಡಿದು ಬರೆಯುವುದು ನಮ್ಮಲ್ಲಿ ರೂಢಿ. ನನ್ನ ಕೈ ಯೋಚನೆಯೇ ಇಲ್ಲದೆ ಕಡಿಯುತ್ತಿತ್ತು.

ಅತ್ತಿಗೆ ಬಂದು ಒಂಬತ್ತು ವರ್ಷಕ್ಕೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮೈ ಒರೆಸುವುದು, ಬಟ್ಟೆ ಬದಲಿಸುವುದು, ಊಟ ಮಾಡಿಸುವುದು, ಎಲ್ಲ ಅತ್ತಿಗೆಯ ಪಾಲಿಗೇ ಬಂತು. ಯಾರೂ ಕೂತು ಹಂಚಿದ್ದಲ್ಲ. ನೀರು ಇಳಿಜಾರಿಗೆ ಹರಿದ ಹಾಗೆ ಅವರ ಕಡೆ ಹರಿಯಿತು. ನಾವಿಬ್ಬರು ಅಣ್ಣತಮ್ಮಂದಿರು ದಡದ ಮೇಲೆ ನಿಂತು ನೋಡಿದೆವು.

ಮತ್ತೆರಡು ವರ್ಷ ಕಳೆಯಿತು. ಬೈಂಡಿಂಗ್ ಅಂಗಡಿಯ ಯಜಮಾನಿಯವರು ದಾರಿಯಲ್ಲಿ ಸಿಕ್ಕಿ ಅತ್ತಿಗೆಯನ್ನು ಕೆಲಸಕ್ಕೆ ಕರೆದರಂತೆ. ಮಧ್ಯಾಹ್ನ ಮೂರರಿಂದ ಸಂಜೆ ಏಳರವರೆಗೆ. ಕೈಹೊಲಿಗೆ ಬಲ್ಲವರು ಈಗ ಸಿಗುತ್ತಿಲ್ಲ, ಒಂದು ತಿಂಗಳು ಬಂದು ನೋಡು, ಹೊಂದಿದರೆ ಜಾಗ ನಿನ್ನದೇ ಎಂದರಂತೆ. ಆ ಸಂಜೆ ಅತ್ತಿಗೆ ಇದನ್ನು ಹೇಳುವಾಗ ನೀರಿನ ಲೋಟ ಹಿಡಿದ ಬೆರಳುಗಳು ಸುಮ್ಮನಿರಲಿಲ್ಲ, ಏನನ್ನೋ ಹೊಲಿಯುತ್ತಿದ್ದವು. ಹನ್ನೊಂದು ವರ್ಷದಲ್ಲಿ ಅವರು ತಮಗಾಗಿ ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಅಣ್ಣ ಕಟುಕನಲ್ಲ. ಬೇಡವೆನ್ನಲಿಲ್ಲ, ಮನೆಗೆಲಸ ಏನಾಗುತ್ತದೆ ಎಂದು ಕೇಳಿದ. ಅತ್ತಿಗೆ ಅದಕ್ಕೂ ದಾರಿ ಯೋಚಿಸಿಟ್ಟಿದ್ದರು. ನನ್ನ ಪಾಳಿ ಎರಡಕ್ಕೆ ಮುಗಿಯುತ್ತದೆ, ಎರಡೂವರೆಗೆ ಮನೆಯಲ್ಲಿರುತ್ತೇನೆ, ಅಪ್ಪ ಆ ಹೊತ್ತಿಗೆ ಮಲಗಿರುತ್ತಾರೆ. ನಾನು ಮಧ್ಯಾಹ್ನದ ಪಾತ್ರೆಯನ್ನೂ ಬಟ್ಟೆಯನ್ನೂ ನೋಡಿಕೊಂಡರೆ ಉಳಿದದ್ದೆಲ್ಲ ಎರಡೂವರೆಯೊಳಗೆ ಮುಗಿಸಿ ಅವರು ಹೊರಡಬಹುದು.

ಎರಡೇ ಕೆಲಸ. ಆದರೆ ಪಾಳಿ ಮುಗಿಸಿ ಬಂದು ಉಂಡು, ಪೇಪರು ಮುಖದ ಮೇಲೆ ಹಾಕಿಕೊಂಡು ಮಲಗುವ ನನ್ನ ಸುಖಕ್ಕೆ ಸಂಚಕಾರ ಬಂದಿತ್ತು. ಒಲ್ಲೆ ಎನ್ನಲು ಮುಖವಿಲ್ಲ. ಅದಕ್ಕೆ ಬುದ್ಧಿವಂತನ ಹಾಗೆ ಹೇಳಿದೆ, ‘‘ಸುಮ್ಸುಮ್ನೆ ಮಾತಾಡೋದು ಬೇಡ. ಒಂದಿನ ಅಳೆದು ನೋಡೋಣ. ಕೆಲಸ ನಿಜವಾಗ್ಲೂ ಎಷ್ಟಿದೆ ಅಂತ ಗೊತ್ತಾಗುತ್ತೆ.’’

ಅಣ್ಣನಿಗೆ ಇದು ಬಹಳ ಹಿಡಿಸಿತು. ಅತ್ತಿಗೆಯೂ ಒಪ್ಪಿದರು. ಅವರ ಮುಖದಲ್ಲಿ ಸಮಾಧಾನವೇ ಕಂಡಿತು. ಇಷ್ಟು ವರ್ಷ ಯಾರೂ ನೋಡದ ಕೆಲಸವನ್ನು ಕೊನೆಗೂ ಒಬ್ಬ ನೋಡುತ್ತಾನಲ್ಲ ಎಂದುಕೊಂಡರೋ ಏನೋ.

ನನ್ನ ವಾರದ ರಜೆಯ ದಿನ ಬೆಳಿಗ್ಗೆ ಐದೂವರೆಗೆ ಪ್ಯಾಡು, ಪೆನ್ನು, ವಾಚು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅತ್ತಿಗೆ ಕೂದಲನ್ನು ಬಿಗಿಯಾಗಿ ಕಟ್ಟಿ, ಪರೀಕ್ಷೆಗೆ ಬಂದವರ ಹಾಗೆ ನನ್ನನ್ನು ನೋಡಿ ನಕ್ಕರು. ಆಮೇಲೆ ಶುರುವಾಯಿತು ನೋಡಿ ಓಟ. ಒಂದು ಕೈ ಹಿಟ್ಟಿನಲ್ಲಿದ್ದರೆ ಇನ್ನೊಂದು ಒಲೆಯ ಮೇಲೆ. ನೆಲ ಒರೆಸಿದ್ದು ಎಂಟು ನಿಮಿಷ, ಹಾಸಿಗೆ ಕೊಡವಿದ್ದು ಮೂರು. ಹತ್ತು ಗಂಟೆಗೆಲ್ಲ ರವಿಕೆಯ ಬೆನ್ನು ತೊಯ್ದು ತೊಪ್ಪೆಯಾಗಿತ್ತು. ನಾನು ಬರೆದುಕೊಳ್ಳುತ್ತಾ ಹೋದೆ. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು, ಬಕೆಟ್ಟು ತುಂಬಲೆಂದು ಕೈಕಟ್ಟಿ ನಿಂತರು. ಕೈ ನಿಂತಿತು, ವಾಚು ನಿಲ್ಲಿಸಿದೆ.

ಮಧ್ಯಾಹ್ನ ಒಂದಕ್ಕೆ ಅಪ್ಪನ ಊಟ. ಹಾಲಿನಲ್ಲಿ ನೆನೆಸಿದ ಬ್ರೆಡ್ಡನ್ನು ಚಮಚದಲ್ಲಿ ತಿನ್ನಿಸಿ, ಅವರು ಅಗಿದು ನುಂಗುವ ತನಕ ಅತ್ತಿಗೆ ಕಾಯಬೇಕು. ಪ್ರತಿ ಚಮಚಕ್ಕೂ ವಾಚು ಒತ್ತಿದೆ, ಅಗಿಯುವಾಗ ನಿಲ್ಲಿಸಿದೆ. ಅಪ್ಪ ನನ್ನ ಕೈಯನ್ನೇ ನೋಡುತ್ತಾ ಅವಸರ ಅವಸರವಾಗಿ ನುಂಗುತ್ತಿದ್ದರು. ಊಟ ಮಾಡಿಸುವುದು, ಒಂಬತ್ತು ನಿಮಿಷ ಎಂದು ಬರೆದೆ.

ಎರಡೂವರೆಗೆ ಅತ್ತಿಗೆ ಕೈ ಒರೆಸಿಕೊಂಡು ಗೋಡೆಗೆ ಒರಗಿದರು, ಉಸಿರು ಮೇಲಕ್ಕೆ ಕೆಳಕ್ಕೆ. ಕಾಯ್ದ ಹೊತ್ತೆಲ್ಲ ಕಳೆದು ನನ್ನ ವಾಚು ಏಳು ಗಂಟೆ ಇಪ್ಪತ್ತು ನಿಮಿಷ ತೋರಿಸುತ್ತಿತ್ತು. ಅದನ್ನು ಕಾಗದಕ್ಕೆ ಏರಿಸುವಾಗ ನನ್ನ ಕೈ ತನ್ನ ರೂಢಿಯಂತೆ ನೂರಕ್ಕೆ ಹದಿನೈದು ಕಡಿಯಿತು. ಆರು ಗಂಟೆ ಹದಿನಾಲ್ಕು ನಿಮಿಷ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಕೈ ನಿಧಾನ ಮಾಡಿದ್ದು ಲೈನಿನ ಹೆಂಗಸರು, ದಂಡ ಕಟ್ಟಿದ್ದು ಅತ್ತಿಗೆ. ಅವರು ವಾಚು ನೋಡಿ ನಿಧಾನ ಮಾಡಿರಲಿಲ್ಲ, ಓಡಿದ್ದರು. ಕಡಿಯುವ ಬದಲು ಸೇರಿಸಬೇಕಿತ್ತು. ಇದು ನನಗೆ ಆಮೇಲೆ ಹೊಳೆಯಿತು ಎಂದು ಬರೆದರೆ ನಾಲಗೆಗೆ ಹುಳ ಬೀಳುತ್ತದೆ. ಪೆನ್ನು ಕಾಗದದ ಮೇಲಿರುವಾಗಲೇ ಗೊತ್ತಾಗಿತ್ತು. ಆ ತೊಯ್ದ ಬೆನ್ನು ಕಣ್ಣ ಮುಂದೆಯೇ ಇತ್ತು. ಆದರೂ ತಿದ್ದಲಿಲ್ಲ, ಯಾಕೆಂದರೆ ತಿದ್ದಿದರೆ ಪಾತ್ರೆ ನನ್ನ ಪಾಲಿಗೆ ಬರುತ್ತಿತ್ತು.

ಅಣ್ಣ ಪಟ್ಟಿ ಓದಿ ನನ್ನ ಬೆನ್ನು ತಟ್ಟಿದ. ಐದೂವರೆಯಿಂದ ಎರಡೂವರೆಗೆ ಒಂಬತ್ತು ಗಂಟೆ, ಕೆಲಸ ಆರೂಕಾಲು ಗಂಟೆಯದು, ಇನ್ನೂ ಎರಡೂಮುಕ್ಕಾಲು ಗಂಟೆ ಉಳಿಯುತ್ತದಲ್ಲ, ಯಾರ ಸಹಾಯವೂ ಬೇಡ, ಧಾರಾಳವಾಗಿ ಹೋಗು ಎಂದು ಅತ್ತಿಗೆಗೆ ಹೇಳಿದ. ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದವನೂ ಅವನೇ, ಅವಳಿಗೆ ಅನುಕೂಲವಾಗಲಿ ಎಂದು. ನಾನು ಕೋಟೆ ಗೆದ್ದವನ ಹಾಗೆ ಬೀಗುತ್ತಾ ಕೂತಿದ್ದೆ.

ಅತ್ತಿಗೆ ಅಂಗಡಿಗೆ ಹೋಗತೊಡಗಿದರು. ಹೋಗತೊಡಗಿದರು ಎನ್ನುವುದು ಸುಮ್ಮನೆ ಮಾತಿಗೆ. ಮೂರಕ್ಕೆ ಅಲ್ಲಿರಬೇಕಾದವರು ಮೂರೂಮುಕ್ಕಾಲಿಗೆ, ನಾಲ್ಕಕ್ಕೆ ತಲುಪುತ್ತಿದ್ದರು. ನಾನು ಎರಡೂವರೆಗೆ ಬಂದರೆ ಇನ್ನೂ ಬಟ್ಟೆ ನೆನೆದಿರುತ್ತಿತ್ತು. ಸೋಪಿನ ಕೈ ಒರೆಸಿಕೊಂಡು ಬಂದು ನನ್ನ ಊಟ ಬಿಸಿ ಮಾಡಿ ಬಡಿಸುತ್ತಿದ್ದರು. ಅಳೆದ ದಿನ ನನಗೆ ರಜೆ, ಎಲ್ಲರ ಜೊತೆ ಉಂಡಿದ್ದೆ. ಹಾಗಾಗಿ ಈ ಊಟ ಪಟ್ಟಿಯಲ್ಲಿ ಇರಲೇ ಇಲ್ಲ. ಉಂಡು, ತಟ್ಟೆಯನ್ನು ಅಲ್ಲೇ ಬಿಟ್ಟು, ಪೇಪರು ಹಿಡಿದು ಮಲಗುತ್ತಿದ್ದೆ. ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು, ಮೂರು ಹೊಡೆಯುವುದೂ ಕೇಳುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದೆ.

ಅತ್ತಿಗೆ ಗೋಡೆಯ ಪಟ್ಟಿ ನೋಡುವರು, ಗಡಿಯಾರ ನೋಡುವರು, ತುಟಿ ಕಚ್ಚುವರು. ಮೊದಲು ಅಪ್ಪನಿಗೆ ಊಟ ಮಾಡಿಸುವಾಗ ಬೀದಿಯ ಸುದ್ದಿಯನ್ನೆಲ್ಲ ಹೇಳಿ ನಗಿಸುತ್ತಿದ್ದರು. ಈಗ ಆ ಮಾತೂ ನಿಂತಿತು. ಒಂದು ದಿನ ಅಪ್ಪ ತೊದಲುತ್ತಾ ನನ್ನನ್ನು ಕೇಳಿದರು, ‘‘ಅವಳಿಗೆ ನನ್ ಮೇಲೆ ಕೋಪಾನಾ?’’ ಇಲ್ಲ ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನ ಬಾಯಿಗೆ ಏನು ಬಡಿದಿತ್ತೋ.

ತಿಂಗಳು ಮುಗಿಯಲು ನಾಲ್ಕು ದಿನವಿರುವಾಗ ಅತ್ತಿಗೆ ಎರಡೂವರೆಗೆ ಮನೆಯಲ್ಲಿ ಸಾವಕಾಶವಾಗಿ ಬಟ್ಟೆ ಒಣಹಾಕುತ್ತಿದ್ದರು. ಅಂಗಡಿಗೆ ಹೋಗಲಿಲ್ಲವೇ ಎಂದೆ. ಬಿಟ್ಟೆ, ನಿನ್ನೆಯೇ ಹೇಳಿಬಂದೆ ಎಂದರು. ಅಷ್ಟೇ. ನನಗೆ ಬಡಿಸಿದ ಊಟವನ್ನು ಅರ್ಧಕ್ಕೇ ಬಿಟ್ಟೆ. ಮೊದಲ ಸಲ ನನ್ನ ತಟ್ಟೆಯನ್ನು ನಾನೇ ಎತ್ತಿ ಬಚ್ಚಲಿಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಬೈಂಡಿಂಗ್ ಅಂಗಡಿಗೆ ಹೋದೆ. ಜಾಗ ಇನ್ನೂ ಉಳಿದಿದ್ದರೆ ಕೈಮುಗಿದು ಕೇಳೋಣ, ಪಾತ್ರೆ ಬಟ್ಟೆ ಎರಡನ್ನೂ ನಾನೇ ಮಾಡುತ್ತೇನೆಂದು ಹೇಳೋಣ ಎಂದುಕೊಂಡಿದ್ದೆ.

ಯಜಮಾನಿಯವರು ಅಂಟಿನ ಬಟ್ಟಲ ಮುಂದೆ ಕೂತಿದ್ದರು. ಅತ್ತಿಗೆ ಕೂರುತ್ತಿದ್ದ ಸ್ಟೂಲಿನ ಮೇಲೆ ಆಗಲೇ ಬೇರೊಬ್ಬಾಕೆ ಹೊಲಿಗೆ ಹಾಕುತ್ತಿದ್ದಳು. ಆ ಹುಡುಗಿಯನ್ನು ಕರೆತಂದು ಬಿಟ್ಟದ್ದೂ ಅತ್ತಿಗೆಯೇ ಅಂತೆ. ನಾನು ಮೈದುನ ಎಂದು ತಿಳಿದದ್ದೇ ಅವರು ಕನ್ನಡಕ ತೆಗೆದು ನನ್ನನ್ನು ಚೆನ್ನಾಗಿ ನೋಡಿದರು.

‘‘ವಾಚು ಹಿಡಿಯೋರು ನೀವೇನಾ? ನಿಮ್ಮನ್ನ ಬಹಳ ಹೊಗಳ್ತಾಳಪ್ಪ. ನಮ್ಮ ಮೈದುನ ಸೆಕೆಂಡಿಗೆ ಸೆಕೆಂಡು ಅಳೆದು ಬರ್ಕೊಟ್ಟಿದ್ದಾನೆ, ಆದ್ರೂ ನನ್ ಕೈಲಿ ಆಗ್ತಿಲ್ಲ, ನಾನು ಮೊದಲಿನ ಹಾಗಿಲ್ಲ ಅಂತಾಳೆ. ಕೈ ನಿಧಾನ ಆಗಿದೆ, ನಿಮಗೆ ನಷ್ಟ ಮಾಡೋಕೆ ಇಷ್ಟ ಇಲ್ಲ ಅಂದ್ಳು.’’

ಅವರು ಪಕ್ಕದ ಕಟ್ಟಿನಿಂದ ಒಂದು ದಪ್ಪ ರಿಜಿಸ್ಟರು ಎತ್ತಿ ಬೆನ್ನು ತಿರುಗಿಸಿ ತೋರಿಸಿದರು. ಹೊಲಿಗೆ ಅಳತೆಗೋಲು ಇಟ್ಟು ಎಳೆದ ಗೆರೆಯ ಹಾಗಿತ್ತು. ಬಂದ ಮೂರು ಗಂಟೆಯಲ್ಲಿ ಉಳಿದವರ ಐದು ಗಂಟೆಯ ಕೆಲಸ ಮಾಡುತ್ತಿದ್ದಳು, ಇವಳ ಕೈ ನಿಧಾನವಾದರೆ ಇನ್ನು ಯಾರ ಕೈ ಬೇಗವೋ ದೇವರೇ ಬಲ್ಲ ಎಂದರು. ಎಷ್ಟು ಹೇಳಿದರೂ ಕೇಳಲಿಲ್ಲವಂತೆ. ಪಟ್ಟಿ ಸುಳ್ಳು ಹೇಳುತ್ತದೆಯೇ ಎಂದಳಂತೆ.

ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಕೆಲಸ ಕೈತಪ್ಪಿದ್ದಕ್ಕೆ ಅತ್ತಿಗೆ ನನ್ನನ್ನು ಮನಸ್ಸಿನಲ್ಲೇ ಶಪಿಸುತ್ತಿದ್ದಾರೆಂದು ನಾನು ತಿಳಿದಿದ್ದೆ. ಅವರು ಶಪಿಸಿಕೊಂಡದ್ದು ತಮ್ಮನ್ನೇ. ಯಜಮಾನಿಯವರು ಬಂದ ವಿಷಯವೇನೆಂದು ಕೇಳಿದರು. ಏನಿಲ್ಲ, ಹೀಗೇ ಬಂದೆ ಎಂದು ಹೊರಬಿದ್ದೆ. ಕೈಮುಗಿಯುವ ಧೈರ್ಯವೂ ಉಳಿದಿರಲಿಲ್ಲ.

ಆ ಸಂಜೆ ಅಣ್ಣ ಬಂದು ಕೂತ ಮೇಲೆ, ಅಪ್ಪನೂ ಕೇಳುವ ಹಾಗೆ, ಎಲ್ಲವನ್ನೂ ಕಕ್ಕಿದೆ. ಪಟ್ಟಿ ತಪ್ಪು, ಕಾಯುವ ಹೊತ್ತನ್ನೆಲ್ಲ ಬಿಟ್ಟಿದ್ದೇನೆ, ಅತ್ತಿಗೆ ಓಡಿದ್ದರು, ಅದರ ಮೇಲೆ ಹದಿನೈದು ಕಡಿದಿದ್ದೇನೆ, ಎಲ್ಲ ಗೊತ್ತಿದ್ದೇ ಮಾಡಿದೆ, ಪಾತ್ರೆ ತೊಳೆಯಲು ಸೋಮಾರಿತನ ಎಂದೆ. ಹೇಳುವಾಗ ತಲೆ ಎತ್ತಲಿಲ್ಲ. ಅಣ್ಣ ಗೋಡೆಯ ಪಟ್ಟಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ನಾನು ಅತ್ತಿಗೆಯ ಬಾಯಿಂದ ಬೈಗುಳ ಬರಲೆಂದು ಕಾದು ನಿಂತೆ. ಅವರು ಬೈದರೆ ನನಗೆ ಅರ್ಧ ಭಾರ ಇಳಿಯುತ್ತಿತ್ತು.

ಅತ್ತಿಗೆ ಚಿಕ್ಕ ಹುಡುಗನನ್ನು ಸಮಾಧಾನ ಮಾಡುವವರ ಹಾಗೆ ನಕ್ಕರು.

‘‘ಸಾಕು ಸುಮ್ನಿರೋ. ಫ್ಯಾಕ್ಟರಿಲಿ ಅಷ್ಟು ಜನರನ್ನ ಅಳೆಯೋನು ನನ್ನೊಬ್ಬಳನ್ನ ತಪ್ಪಾಗಿ ಅಳೀತೀಯಾ? ನಂಗೆ ಬೇಜಾರಾಗ್ಬಾರ್ದು ಅಂತ ಹೀಗೆಲ್ಲ ನಿನ್ ಮೇಲೆ ಹಾಕ್ಕೋತಿದ್ದೀಯ. ನಂಗೆ ಗೊತ್ತಾಗಲ್ವಾ? ನಿನ್ ಮನಸ್ಸು ಒಳ್ಳೇದು.’’

ಇಲ್ಲ ಅತ್ತಿಗೆ, ನಿಜ, ಆಣೆ ಮಾಡಿ ಹೇಳುತ್ತೇನೆ ಎಂದೆ. ಅವರು ನಂಬಲಿಲ್ಲ. ಮರುದಿನದಿಂದ ಪಾತ್ರೆ ಬಟ್ಟೆ ನಾನೇ ಮಾಡುತ್ತಿದ್ದೇನೆ. ಅಣ್ಣ ಆ ಪಟ್ಟಿಯನ್ನು ಹರಿದು ಹಾಕಿ ಬಹಳ ದಿನವಾಯಿತು. ಯಾರಾದರೂ ಮನೆಗೆ ಬಂದು ಮೈದುನ ಪಾತ್ರೆ ತೊಳೆಯುತ್ತಾನಲ್ಲ ಎಂದು ಆಶ್ಚರ್ಯಪಟ್ಟರೆ ಅತ್ತಿಗೆ ಇವತ್ತಿಗೂ ಹೇಳುವುದು ಒಂದೇ ಮಾತು. ನಾನು ಸ್ವಲ್ಪ ನಿಧಾನ, ಪಾಪ, ಅವನು ಸಹಾಯ ಮಾಡ್ತಾನೆ.