ಲವಂಗ ಮುಚ್ಚಿದ ಬೆಲ್ಲ

ಇಂಡಿ ಊರಿನ ಹಲ್ಲಿನ ಡಾಕ್ಟರ ದವಾಖಾನೆ ಬಾಗಿಲು ತೆಗೆದರೆ ಲವಂಗದ ವಾಸನೆ. ಮಗಳ ಕೈ ಹಿಡಿದು ನಿಂತಲ್ಲೇ ನಾನು ನೆನಪಿನಲ್ಲಿ ನನ್ನ ಅಜ್ಜನ, ಮುತ್ಯಾನ, ಬೆಲ್ಲದ ಗಾಣಕ್ಕೆ ಹೋಗಿಬಿಟ್ಟೆ.

ಕುದಿಯುವ ಕಬ್ಬಿನ ಹಾಲು, ಹೊಗೆಯೊಳಗೆ ತೇಲುವ ಮುತ್ಯಾನ ತಲೆಯ ಬಿಳಿ ಪಟಕಾ. ಗಾಣಕ್ಕೆ ಬಂದವರನ್ನು ಬರಿಗೈಲಿ ಕಳಿಸಬಾರದು ಎಂಬುದು ಅವನ ನೇಮ. ನಾನು ದಿನಾ ಹೋಗುತ್ತಿದ್ದೆ. ಕಬ್ಬಿನ ತುಂಡನ್ನು ಪಾಕದಲ್ಲಿ ಅದ್ದಿ ಕೊಡುತ್ತಿದ್ದ. ಎಳೆ ಎಳೆಯಾಗಿ ಜಗ್ಗುವ ಬಿಸಿ ಬೆಲ್ಲ ಗದ್ದಕ್ಕೆಲ್ಲ ಅಂಟುತ್ತಿತ್ತು.

ಹಲ್ಲು ನೋಯತೊಡಗಿದಾಗ ಅವನೇ ಲವಂಗ ಜಜ್ಜಿ ದವಡೆಗೆ ಇಟ್ಟ. ಖಾರಕ್ಕೆ ನಾನು ಚೀರಿದೆ. ಮರುದಿನದಿಂದ ಲವಂಗವನ್ನು ಬೆಲ್ಲದೊಳಗೆ ಮುಚ್ಚಿ ಇಡತೊಡಗಿದ.

"ಬೆಲ್ಲ ತಿಂದನ ಹಲ್ಲ ಹುಳಕಾಗ್ಯಾವ. ಮತ್ತ ಬೆಲ್ಲಾನ ಇಡ್ತೀಯಲ್ಲ ಯಪ್ಪಾ," ಅಂದಳು ಅವ್ವ.

"ಕೂಸು ಅಳೂದು ನನಗ ನೋಡಾಕ ಆಗೂದಿಲ್ಲವ್ವಾ," ಅಂದ ಮುತ್ಯಾ.

ಆ ದವಡೆ ಹಲ್ಲು ಉಳಿಯಲಿಲ್ಲ. ಖಾಲಿ ಜಾಗಕ್ಕೆ ನಾಲಿಗೆ ಹೋದಾಗ ಇವತ್ತಿಗೂ ನೋವು ನೆನಪಾಗುವುದಿಲ್ಲ, ಸಿಹಿಯೇ ನೆನಪಾಗುತ್ತದೆ.

"ನಾಕ ಹಲ್ಲ ಹುಳಕಾಗ್ಯಾವ್ರಿ. ಚಾಕಲೇಟು, ಬಾಟ್ಲಿ ಜ್ಯೂಸು ಇವತ್ತಿಂದ ಬಂದ್ ಮಾಡ್ರಿ," ಅಂದರು ಡಾಕ್ಟರು, ಮಗಳ ಬಾಯಿ ನೋಡಿ.

"ಆತ್ರಿ," ಅಂದೆ. ಮೆಟ್ಟಿಲು ಇಳಿಯುವಾಗ ಮಗಳು ಅಳತೊಡಗಿದಳು. ನನ್ನ ಕೈ ಆಗಲೇ ಬ್ಯಾಗಿನೊಳಗೆ ಚಾಕಲೇಟು ಹುಡುಕುತ್ತಿತ್ತು.