ಫ್ರೇಮಿನಿಂದ ಬಿಡಿಸಿದ ರೆಕಾರ್ಡು

2003ರ ಶ್ರಾವಣ ಮಾಸ. ನನ್ನ ಹೆಂಡತಿ ಗಿರಿಜಾ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಜ್ವರವೆಂದು ಆಸ್ಪತ್ರೆಗೆ ಹೋದವಳು ತಿರುಗಿ ಮನೆಗೆ ಬರಲಿಲ್ಲ. ನಮಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದವರು ನಾನು ಮತ್ತು ನಮ್ಮ ಅವ್ವ, ಇಬ್ಬರೇ.

ನಾವು ರಾಯಚೂರು ಕಡೆಯವರು. ಹೈದರಾಬಾದಿನ ತಾರ್ನಾಕದಲ್ಲಿ ನನ್ನದೊಂದು ಫೋಟೊ ಫ್ರೇಮಿನ ಅಂಗಡಿ ಇದೆ. ಹಿಂದೆಯೇ ಮನೆ. ದೇವರ ಪಟ, ಮದುವೆ ಫೋಟೊ, ವಿಶ್ವವಿದ್ಯಾಲಯದ ಹುಡುಗರ ಪದವಿ ಪತ್ರ, ತೀರಿಹೋದವರ ಫೋಟೊ, ಎಲ್ಲಕ್ಕೂ ಚೌಕಟ್ಟು ಹಾಕಿಕೊಡುತ್ತೇನೆ. ಗಿರಿಜಾಳ ಫೋಟೊಗೂ ನಾನೇ ಹಾಕಿದೆ. ಆ ಕೆಲಸ ಬೇರೆಯವರಿಗೆ ಕೊಡಲು ಮನಸ್ಸಾಗಲಿಲ್ಲ.

ನಾನು ಹತ್ತನೆಯ ತರಗತಿಗೆ ಓದು ನಿಲ್ಲಿಸಿದವನು. ಗಿರಿಜಾ ಬಿ.ಎ. ಮಾಡಿದ್ದಳು. ಊರಿನ ತುಂಬ ಕಂಪ್ಯೂಟರ್ ಕಂಪನಿಗಳು ಎದ್ದ ಕಾಲ ಅದು. ಅವಳಿಗೂ ಒಂದು ಕಡೆ ಕೆಲಸ ಸಿಕ್ಕಿತು. ಅಮೆರಿಕದ ಡಾಕ್ಟರುಗಳು ರೋಗಿಯ ವಿಷಯವನ್ನು ಬಾಯಲ್ಲಿ ಹೇಳಿ ಕಳಿಸುತ್ತಿದ್ದರು. ಇಲ್ಲಿ ಇವರು ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೇಳಿ ಟೈಪ್ ಮಾಡಬೇಕು. ಮೊದಮೊದಲು ಅವಳಿಗೆ ಒಂದೂ ತಿಳಿಯುತ್ತಿರಲಿಲ್ಲ. "ಬಾಯಾಗ ಬಿಸಿ ಬದನಿಕಾಯಿ ಇಟ್ಕೊಂಡು ಮಾತಾಡ್ತಾರ್ರೀ ಅವರು" ಎಂದು ಕಣ್ಣೀರು ಹಾಕಿಕೊಂಡು ಮನೆಗೆ ಬರುತ್ತಿದ್ದಳು.

ಆಗ ಆಫೀಸಿನಲ್ಲಿ ಯಾರೋ ಒಂದು ಕ್ಯಾಸೆಟ್ ಕೊಟ್ಟು, "ಇದನ್ನ ಕೇಳು. ಇದು ತಿಳಿದರ ಯಾವ ಡಾಕ್ಟರ್ ಮಾತೂ ತಿಳೀತೈತಿ" ಎಂದರಂತೆ. ಅದು ಹಿಪ್ ಹಾಪ್. ತಾಳ ಬಡಿಯುತ್ತಿರುತ್ತದೆ, ಅದರ ಮೇಲೆ ಒಬ್ಬ ಸರಸರ ಮಾತಾಡುತ್ತ ಹೋಗುತ್ತಾನೆ. ಕೆಲಸಕ್ಕೆಂದು ಕೇಳಲು ಶುರು ಮಾಡಿದವಳು ಅದಕ್ಕೇ ಬಿದ್ದುಬಿಟ್ಟಳು. "ನಮ್ಮ ಕಡೆ ಹರದೇಶಿ-ನಾಗೇಶಿ ಹಾಡಿಕಿ ಇಲ್ಲೇನ್ರಿ? ಒಬ್ಬ ಸವಾಲ್ ಹಾಕ್ತಾನ, ಇನ್ನೊಬ್ಬ ಪದ ಕಟ್ಟಿ ತಿರುಗಿ ಹೊಡೀತಾನ. ಇದೂ ಹಂಗ ರೀ" ಎನ್ನುತ್ತಿದ್ದಳು.

ಹೆಸರಾದವರ ಹಾಡು ಅವಳಿಗೆ ಬೇಡ. ಅಮೆರಿಕದ ಹುಡುಗರು, ಯಾವ ರೆಕಾರ್ಡ್ ಕಂಪನಿಯೂ ಕೈ ಹಿಡಿಯದವರು, ತಾವೇ ಸ್ವಲ್ಪ ಪ್ರತಿ ಮಾಡಿಸಿ ಕಾರಿನ ಡಿಕ್ಕಿಯಲ್ಲಿಟ್ಟು ಮಾರಿದ ತೊಂಬತ್ತರ ದಶಕದ ರೆಕಾರ್ಡುಗಳು ಬೇಕು. ದೊಡ್ಡ ಕಪ್ಪು ತಟ್ಟೆ. ನಡುವೆ ಬರೀ ಬಿಳಿ ಚೀಟಿ. ಚಿತ್ರವಿಲ್ಲ, ಕೆಲವಕ್ಕೆ ಹೆಸರೂ ಇಲ್ಲ. ಇವು ಹೈದರಾಬಾದಿಗೆ ಹೇಗೆ ಬರುತ್ತವೆ ಎಂದು ಕೇಳಿದ್ದೆ. ಅಮೆರಿಕದಲ್ಲಿ ಕಂಪ್ಯೂಟರ್ ಕಂಪನಿಗಳು ಮುಚ್ಚಿದ ವರ್ಷ ನಮ್ಮ ಹುಡುಗರು ಬಹಳ ಮಂದಿ ವಾಪಸ್ ಬಂದಿದ್ದರು. ಅವರ ಪೆಟ್ಟಿಗೆಯಲ್ಲಿ ಬಂದು, ಮನೆಯವರ ಕೈಯಿಂದ ಹಳೆ ಸಾಮಾನಿನವನಿಗೆ ಹೋಗಿ, ಕೊನೆಗೆ ಕೋಠಿ ಬಜಾರಿನ ಫುಟ್‌ಪಾತಿಗೆ ಬೀಳುತ್ತಿದ್ದವು. ಭಾನುವಾರ ಗಿರಿಜಾ ಅಲ್ಲಿರುತ್ತಿದ್ದಳು.

ಅವಳ ಹಳೆಯ ಪ್ಲೇಯರಿಗೆ ಸ್ಪೀಕರ್ ಇರಲಿಲ್ಲ. ಸಂಜೆ ಹೆಡ್‌ಫೋನ್ ಹಾಕಿಕೊಂಡು ಗೋಡೆಗೆ ಒರಗಿ ಕೂರುತ್ತಿದ್ದಳು. ದಿನವಿಡೀ ಯಾರದೋ ಕಾಯಿಲೆ ಕೇಳಿದ ಕಿವಿಗೆ ಅದು ಅವಳ ಹೊತ್ತು ಎಂದು ನಾನು ನಡುವೆ ಹೋಗುತ್ತಿರಲಿಲ್ಲ. ಅವಳ ತಲೆ ತೂಗುವುದು ನೋಡುತ್ತಿದ್ದೆ. ಆದರೆ ಅವಳು ಕೇಳುತ್ತಿದ್ದದ್ದು ಏನು ಎಂದು ನನ್ನ ಕಿವಿಗೆ ಒಂದು ದಿನವೂ ಬಿದ್ದಿರಲಿಲ್ಲ.

ಅವುಗಳಲ್ಲೆಲ್ಲ ಅವಳಿಗೆ ಪ್ರಾಣವಾಗಿದ್ದದ್ದು ಒಂದು. ಬಿಳಿ ಚೀಟಿಯ ಮೇಲೆ ರಬ್ಬರ್ ಸ್ಟ್ಯಾಂಪಿನಿಂದ ಒತ್ತಿದ ನೀಲಿ ಹಕ್ಕಿ, ಅಷ್ಟೇ. ಅವಳು ಹೋದ ಮೇಲೆ ಆ ರೆಕಾರ್ಡನ್ನು ಏನು ಮಾಡಲಿ ಎಂದು ಯೋಚಿಸಿದೆ. ನನಗೆ ಗೊತ್ತಿದ್ದ ಮರ್ಯಾದೆ ಒಂದೇ. ಒಳ್ಳೆಯ ತೇಗದ ಪಟ್ಟಿ ತಂದೆ. ಮೈದಾ ಹಿಟ್ಟಿನ ಅಂಟು ಕಾಯಿಸಿ, ಹುಳ ಹಿಡಿಯದಂತೆ ಚೂರು ಮೈಲುತುತ್ತ ಹಾಕಿ, ರೆಕಾರ್ಡನ್ನು ದಪ್ಪ ರಟ್ಟಿಗೆ ಅಂಟಿಸಿದೆ. ಹಕ್ಕಿ ಮುಂದೆ ಕಾಣುವಂತೆ ಗಾಜು ಹಾಕಿ ಅಂಗಡಿಯಲ್ಲಿ ಅವಳ ಫೋಟೊ ಪಕ್ಕ ತೂಗುಹಾಕಿದೆ. ಬಂದವರೆಲ್ಲ ಚೆನ್ನಾಗಿದೆ ಎಂದರು. ನನಗೂ ಸಮಾಧಾನವಾಗಿತ್ತು.

ಶ್ರಾವಣದ ಒಂದು ಮಧ್ಯಾಹ್ನ, ನಲವತ್ತರ ಆಸುಪಾಸಿನ ಒಬ್ಬರು ಕಂಕುಳಲ್ಲಿ ಕವರ್ ಹಿಡಿದು ಅಂಗಡಿಗೆ ಬಂದರು. "ಗಿರಿಜಕ್ಕಾರ ಮನಿ ಇದs ಏನ್ರಿ?" ಎಂದರು. ನಮ್ಮ ಕಡೆಯ ಮಾತು ಕೇಳಿ ಆಶ್ಚರ್ಯವಾಯಿತು. ಹೆಸರು ರಫೀಕ್, ತಾಯಿಯ ಊರು ಸಿಂಧನೂರು, ಕೋಠಿಯಲ್ಲಿ ಹಳೆ ಪುಸ್ತಕ, ರೆಕಾರ್ಡ್ ಮಾರುವವರು.

"ಅಕ್ಕಾರು ಭಾಳ ದಿನ ಆತು ಬಂದಿಲ್ರಿ. ಅವರು ಕೇಳಿದ್ದೊಂದು ಸಿಕ್ಕೈತಿ. ತೆಗೆದಿಟ್ಟು ಇಟ್ಟು ಸಾಕಾತು, ತಾರ್ನಾಕದಾಗ ಫ್ರೇಮಿನ ಅಂಗಡಿ ಅಂದಿದ್ರು, ಹುಡುಕಿ ನಾನs ತಗೊಂಡು ಬಂದೀನಿ. ಕರೀರಿ ಅವರನ್ನ."

ನಾನು ಗೋಡೆಯ ಕಡೆ ನೋಡಿದೆ. ಅವರೂ ನೋಡಿದರು. ಫೋಟೊಗೆ ಹಾಕಿದ್ದ ಹಾರ ನೋಡಿ ಕವರನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಸ್ಟೂಲಿನ ಮೇಲೆ ಕುಳಿತರು. ಅವ್ವ ನೀರು ತಂದುಕೊಟ್ಟಳು. ನೀರು ಕುಡಿಯುತ್ತ ತಲೆ ಎತ್ತಿದವರ ಕಣ್ಣಿಗೆ ಪಕ್ಕದ ಫ್ರೇಮು ಬಿತ್ತು.

"ಅಣ್ಣಾರ, ಅದು ಹೆಂಗ್ ನಿಂತೈತ್ರಿ ಒಳಗ? ಮೊಳೆ ಹೊಡದೀರೇನು?"

"ಇಲ್ಲರಿ. ಮೈದಾ ಹಚ್ಚಿ ಅಂಟಿಸೀನಿ. ಬೀಳೂದಿಲ್ಲ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಯಾ ಅಲ್ಲಾ! ಪೂರಾ ಹಚ್ಚೀರಿ?"

"ಪೂರಾ."

ಅವರು ತಲೆಯ ಮೇಲೆ ಕೈ ಇಟ್ಟುಕೊಂಡರು. "ಹಕ್ಕಿ ಇರೂ ಮಗ್ಗಲಿಗೆ ಬರೇ ಬಾಜಾ ಐತ್ರಿ, ಮಾತಿಲ್ಲ. ಅಕ್ಕಾರಿಗೆ ಹುಚ್ಚು ಹಿಡಿಸಿದ ಹಾಡು ಹಿಂದಿನ ಮಗ್ಗಲಿಗೆ ಐತಿ. ನೀವು ಅದರ ಬಾಯಾಗs ಹಿಟ್ಟು ತುಂಬೀರಿ! ಅಕ್ಕಾರಿಗೆ ಇದನ್ನ ಮಾರಿದಾಂವ ನಾನs, ಇಂಥಾದ್ದು ಇನ್ನೊಂದು ಎಲ್ಲೂ ಕಂಡಿಲ್ಲ."

ಕಪಾಟಿನಲ್ಲಿ ಬೇರೆ ರೆಕಾರ್ಡುಗಳಿದ್ದವು, ನಿಜ. ಆದರೆ ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದದ್ದು ಇದನ್ನೇ. ಇದು ಹಾಳಾದರೆ ಅವಳ ಕಿವಿಯಲ್ಲಿ ಏನಿತ್ತೆಂದು ನನಗೆ ಎಂದಿಗೂ ತಿಳಿಯುವುದಿಲ್ಲ. ಅಲ್ಲಿಯತನಕ ಹಾಗೊಂದು ಆಸೆ ನನ್ನೊಳಗೆ ಇದ್ದದ್ದೇ ನನಗೆ ಗೊತ್ತಿರಲಿಲ್ಲ.

ಫ್ರೇಮು ಇಳಿಸಿದೆ. ರಫೀಕ್ ಭಾಯಿ ನನ್ನ ಕೈ ಹಿಡಿದು, "ಎಳೀಬ್ಯಾಡ್ರಿ, ಮುರೀತೈತಿ" ಎಂದರು. "ರೆಕಾರ್ಡ್ ಎಳಿಯೂದಿಲ್ಲರಿ, ರಟ್ಟು ಬಿಡಸ್ತೀನಿ" ಎಂದೆ. ಹಳೆಯ ಪಟಗಳನ್ನು ಬಿಡಿಸಿ ನನಗೆ ರೂಢಿ. ಒದ್ದೆ ಬಟ್ಟೆಯನ್ನು ರಟ್ಟಿನ ಬೆನ್ನಿಗೆ ಹಾಸಿ ಕಾದೆ. ರಟ್ಟು ನೆನೆದು ಮೆತ್ತಗಾದಂತೆ ಪದರ ಪದರವಾಗಿ ಸುಲಿದೆ. ನೀರು ಹಾಕುವುದು, ಕಾಯುವುದು, ಸುಲಿಯುವುದು. ಅವ್ವ ಬಂದು ನೋಡಿ, "ಹಚ್ಚೂದೂ ನೀನs, ಕೀಳೂದೂ ನೀನs. ಉದ್ಯೋಗ ಇಲ್ಲೇನು?" ಎಂದು ಬೈದು ಚಹಾ ಮಾಡಲು ಹೋದಳು.

ಕೊನೆಯ ಪದರ ಬಂದಾಗ ಹಿಂಬದಿಯ ಬಿಳಿ ಚೀಟಿಯೂ ಸ್ವಲ್ಪ ಕಿತ್ತು ಬಂತು. ಗೆರೆಗಳ ತುಂಬ ಹಿಟ್ಟು. ಉಗುರುಬೆಚ್ಚಗಿನ ನೀರಿನಲ್ಲಿ, ಫ್ರೇಮಿಗೆ ಬಂಗಾರದ ಬಣ್ಣ ಹಚ್ಚುವ ಮೆತ್ತನೆಯ ಹೊಸ ಕುಂಚದಿಂದ, ಗೆರೆ ಹೋದ ದಾರಿಯಲ್ಲೇ ಸುತ್ತಿ ಸುತ್ತಿ ತೊಳೆದೆ. ರಫೀಕ್ ಭಾಯಿ ತಟ್ಟೆಯನ್ನು ಬೆಳಕಿಗೆ ಹಿಡಿದು, "ಇಲ್ಲಿನ್ನೂ ಐತಿ, ಇಲ್ಲಿ ನೋಡ್ರಿ" ಎಂದು ತೋರಿಸುತ್ತ ಹೋದರು. ಒರೆಸಿ, ಫ್ಯಾನಿನ ಕೆಳಗೆ ಒಣಗಲು ಇಟ್ಟೆವು.

ನನಗೆ ಪ್ಲೇಯರ್ ಹಚ್ಚಲು ಬರುತ್ತಿರಲಿಲ್ಲ. ಅವರೇ ಪಕ್ಕದ ಟೇಪ್ ರಿಪೇರಿಯವನ ಬಳಿ ಒಂದು ಸ್ಪೀಕರ್ ಕೇಳಿ ತಂದು ತಂತಿ ಸೇರಿಸಿದರು. "ಮುಳ್ಳು ಇಡ್ಲೇನ್ರಿ?" ಎಂದು ನನ್ನ ಮುಖ ನೋಡಿದರು. ಹೂಂ ಎಂದೆ.

ಮೊದಲು ಬರೀ ಸದ್ದು, ಕಡಲೆ ಹುರಿದಂತೆ ಚಟಚಟ. ಮುಳ್ಳಿನ ತುದಿಗೆ ಬಿಳಿ ಪುಡಿ ಕೂಡಿತು. ರಫೀಕ್ ಭಾಯಿ ಊದಿ ಮತ್ತೆ ಇಟ್ಟರು. ಮತ್ತೆ ಚಟಚಟ. ಆಯಿತು, ಮುಗಿಯಿತು ಎಂದುಕೊಂಡೆ. ಮೂರನೆಯ ಸಲ ಇಟ್ಟಾಗ ಆ ಸದ್ದಿನ ಅಡಿಯಿಂದ ಒಂದು ತಾಳ ಎದ್ದು ಬಂತು. ಎರಡು ಏಟು, ಒಂದು ಚಣ ಬಿಡುವು, ಆಮೇಲೆ ಎಡವಿದಂತೆ ಮೂರು ಏಟು. ಅದರ ಮೇಲೆ ಒಬ್ಬ ಹುಡುಗನ ದನಿ, ಉಸಿರು ಬಿಡದೆ ಮಾತು.

ಚಹಾ ತಂದ ಅವ್ವ ಬಾಗಿಲಲ್ಲೇ ನಿಂತಳು. "ಯಾರಿಗ್ ಇಷ್ಟ್ ಬೈಯಾಕತ್ತಾನ ಇವ?"

"ಬೈಯಾಕತ್ತಿಲ್ಲರಿ ಅವ್ವಾ, ತನ್ನ ಓಣಿ ಸುದ್ದಿ ಹೇಳಾಕತ್ತಾನ" ಎಂದರು ರಫೀಕ್ ಭಾಯಿ.

ಅವ್ವ ಕಿವಿಗೊಟ್ಟಳು. ಅವಳ ಮುಖ ಬದಲಾಯಿತು. ಚಹಾದ ತಟ್ಟೆ ಕೆಳಗಿಟ್ಟು ಕುಳಿತು, ತನ್ನ ಅಂಗೈಯನ್ನು ನೆಲದ ಮೇಲೆ ಬಡಿಯತೊಡಗಿದಳು. ಎರಡು ಏಟು, ಬಿಡುವು, ಮೂರು ಏಟು.

"ಎಪ್ಪಾ, ಇದು ಗಿರಿಜಾ ರೊಟ್ಟಿ ಬಡಿಯೂ ಸಪ್ಪಳ ಅಲ್ಲೇನೋ! ಸೀದಾ ಬಡಿಯಾಕ ಬರೂದಿಲ್ಲ, ಯಾವ ಊರಿನ ಚಾಳಿ ಕಲ್ತು ಬಂದೀ ಅಂತ ಎಷ್ಟ್ ಬೈದೀನಿ ಆಕೀನ. ಆಕಿ ನಕ್ಕು ಮತ್ತ ಹಂಗs ಬಡೀತಿದ್ದಳು."

ಹೌದು. ಅದೇ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ, ಗಾಜು ಕೊಯ್ಯುವಾಗ, ಒಳಗಿನಿಂದ ನನಗೆ ಕೇಳುತ್ತಿದ್ದದ್ದು ಇದೇ ತಾಳ. ಅವಳು ಏನು ಕೇಳುತ್ತಾಳೋ ನನಗೆ ಗೊತ್ತಿಲ್ಲ ಎಂದುಕೊಂಡೇ ಇಷ್ಟು ವರ್ಷ ಕಳೆದಿದ್ದೆ. ಅವಳು ಅದನ್ನು ದಿನಾ ನಮಗೆ ಕೇಳಿಸುತ್ತಲೇ ಇದ್ದಳು. ನಾವು ಅದನ್ನು ಉಂಡಿದ್ದೆವು ಕೂಡ.

ಅವ್ವ ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳಲಾರೆ. ನಾನಂತೂ ನಾಲ್ಕು ತಿಂಗಳಲ್ಲಿ ಮೊದಲ ಸಲ ಬಾಯಿ ತುಂಬ ನಕ್ಕೆ. ಹಾಡು ಮುಗಿದಾಗ ಅವ್ವನೇ, "ಮತ್ತ ಹಚ್ಚಪಾ" ಎಂದು ರಫೀಕ್ ಭಾಯಿಗೆ ಹೇಳಿದಳು. ಚಹಾ ಆರಿ ಹೋಯಿತು.

ರೆಕಾರ್ಡು ಪೂರ್ತಿ ಸರಿಹೋಗಲಿಲ್ಲ. ಒಂದೆರಡು ಕಡೆ ಹಿಟ್ಟು ಇನ್ನೂ ಕೂತಿದೆ, ಮುಳ್ಳು ಅಲ್ಲಿ ಹಾರುತ್ತದೆ. ಇರಲಿ. ಈಗ ಹಚ್ಚಲು ನನಗೂ ಬರುತ್ತದೆ. ಅಂಗಡಿಯಲ್ಲಿ ಆಗಾಗ ಹಚ್ಚುತ್ತೇನೆ, ರಫೀಕ್ ಭಾಯಿ ಅಂದು ತಂದದ್ದನ್ನೂ ಉಳಿದ ಬಿಳಿ ಚೀಟಿಯವನ್ನೂ ಕೇಳುತ್ತೇನೆ. ಕೆಲವು ನನಗೆ ಹಿಡಿಸಿವೆ, ಕೆಲವು ಇಲ್ಲ. ಮಾತು ಅರ್ಥವಾಗುವುದಿಲ್ಲ. ಅವಳಿಲ್ಲದ ಮನೆಯ ಭಾರ ಇದ್ದೇ ಇದೆ, ಆದರೆ ಅದರ ಜೊತೆ ಬದುಕಬಲ್ಲೆ ಎನ್ನಿಸುತ್ತದೆ.

ಆ ದಿನದಿಂದ ನನ್ನ ಕೆಲಸದಲ್ಲಿ ಒಂದು ಬದಲಾವಣೆ ಆಗಿದೆ. ಯಾರಾದರೂ ತೀರಿಹೋದವರ ಸಾಮಾನು ತಂದು ಫ್ರೇಮು ಹಾಕಿಕೊಡಿ ಎಂದರೆ, ಮೊದಲು ಕೈಗೆ ತೆಗೆದುಕೊಂಡು ನೋಡುತ್ತೇನೆ. ಮೊನ್ನೆ ಒಬ್ಬ ಹೆಂಗಸು ಗಂಡನ ಕೈಗಡಿಯಾರ ತಂದಿದ್ದರು. ಕಿವಿಗೆ ಹಿಡಿದೆ. "ತಾಯೀ, ಇದು ನಡೀತೈತ್ರಿ. ಗಾಜಿನಾಗ ಹಾಕಬ್ಯಾಡ್ರಿ. ಮನ್ಯಾಗ ಯಾರರ ಕಟ್ಟಿಕೊಳ್ರಿ" ಎಂದೆ. ಅವರಿಗೆ ಸಿಟ್ಟು ಬಂತು. ಕೆಲಸ ಮಾಡಲು ಮನಸ್ಸಿಲ್ಲದಿದ್ದರೆ ಹೇಳಿ ಎಂದು ಗಡಿಯಾರ ಕಸಿದುಕೊಂಡು ಹೊರಟರು. ಒಳಗಿನಿಂದ ಅವ್ವ, "ಬಂದ ಗಿರಾಕೀನ ಓಡಸ್ತೀಯಲ್ಲೋ, ಶಾಣ್ಯಾ!" ಎಂದು ಕೂಗಿದಳು.

ನಾನು ಗಾಜು ಕೊಯ್ಯಲು ಕುಳಿತೆ. ಆ ಗಡಿಯಾರ ಆಕೆಯ ಚೀಲದೊಳಗೆ ಇನ್ನೂ ನಡೆಯುತ್ತಲೇ ಹೋಯಿತಲ್ಲ, ಅಷ್ಟು ಸಾಕೆನಿಸಿತು.