ಹಲ್ಲಕ್ಕನ ಕಾರಿನಲ್ಲಿದ್ದ ಪಿಸ್ತೂಲು

ಊರಿನ ಹಲ್ಲಿನ ಡಾಕ್ಟರುಗಳೆಲ್ಲ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಆ ಅಡ್ಡಹೆಸರು ಇಟ್ಟವರು ಯಾರೋ ಗೊತ್ತಿಲ್ಲ. ಒಮ್ಮೆ ಅಂಟಿಕೊಂಡ ಮೇಲೆ ಮನೆಯವರೂ ಅದನ್ನೇ ಹಿಡಿದುಕೊಂಡರು. ಹಲ್ಲಿಲ್ಲದವರಿಗೆ ಹಲ್ಲಿನ ಸೆಟ್ಟು ಕಟ್ಟಿಕೊಡುವುದು ಅವಳ ಕೆಲಸ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕೊಟ್ಟರೆ, ಇವಳು ಅದಕ್ಕೆ ಪ್ಲಾಸ್ಟರ್ ಸುರಿದು, ಒಸಡಿನ ಆಕಾರ ಎಬ್ಬಿಸಿ, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಮೇಲಿನ ಸಾಲು ಕೆಳಗಿನ ಸಾಲಿಗೆ ಸರಿಯಾಗಿ ಕೂರುತ್ತದೆಯೇ ಎಂದು ಮತ್ತೆ ಮತ್ತೆ ಕಚ್ಚಿಸಿ ನೋಡುತ್ತಿದ್ದಳು. ಅಡುಗೆಮನೆಯ ಹಿಂದಿನ ಸಣ್ಣ ಕೋಣೆಯೇ ಅವಳ ಕಾರ್ಖಾನೆ. ಅಲ್ಲಿ ಕಿಟಕಿಗೆ ಎದುರಾಗಿ ಒಂದು ಮೇಜು, ಸ್ಪಿರಿಟ್ ದೀಪ, ಉಜ್ಜುವ ಯಂತ್ರ. ಎಲ್ಲದರ ಮೇಲೂ ಬಿಳಿ ಪುಡಿ.

ಕ್ಲಿನಿಕ್ಕುಗಳು ಒಂದೊಂದು ಒಂದೊಂದು ದಿಕ್ಕಿನಲ್ಲಿದ್ದವು. ಹಾಗಾಗಿ ಕಾರಿಲ್ಲದೆ ಅವಳ ಕೆಲಸ ನಡೆಯುತ್ತಿರಲಿಲ್ಲ. ಹಳೆಯದೊಂದು ಚಿಕ್ಕ ಕಾರು, ಅದರ ಹಿಂದಿನ ಸೀಟಿನ ತುಂಬ ಹಲ್ಲಿನ ಡಬ್ಬಿಗಳು. "ನಿನ್ನ ಕಾರಲ್ಲಿ ಕೂತ್ರೆ ಬೆನ್ನ ಹಿಂದೆ ಯಾರೋ ಹಲ್ಲು ಕಿಸೀತಾ ಇದಾರೆ ಅನ್ಸುತ್ತೆ ಕಣೆ" ಎಂದು ಗಂಡ ರೇಗಿಸುತ್ತಿದ್ದ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಾತು ಕಡಿಮೆ, ತಲೆ ತಣ್ಣಗೆ.

ಅವಳ ಬದುಕು ತಲೆಕೆಳಗಾದದ್ದು ಒಂದು ಮಧ್ಯಾಹ್ನ, ಹಾಡುಹಗಲಿನಲ್ಲಿ. ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿ ಕೆಂಪು ದೀಪ ನೋಡುತ್ತ ಕುಳಿತಿದ್ದಳು. ಹಿಂದಿನ ಬಾಗಿಲು ತೆರೆದ ಸದ್ದಾಯಿತು. ಡಬ್ಬಿಗಳು ಬೀಳುತ್ತಿವೆಯೇನೋ ಎಂದು ತಿರುಗಿ ನೋಡುವಷ್ಟರಲ್ಲಿ ಪಕ್ಕದ ಬಾಗಿಲೂ ತೆರೆಯಿತು. ಇಬ್ಬರು ಗಂಡಸರು. ಡಬ್ಬಿಗಳನ್ನು ಆಚೆ ತಳ್ಳಿ ಹಿಂದೆ ಕೂತವನು ಅವಳ ಕುತ್ತಿಗೆಗೆ ಚಾಕು ಹಿಡಿದ. "ಕೂಗಿದ್ರೆ ಅಷ್ಟೇ. ನಡಿ" ಎಂದ. ಸುತ್ತ ಅಷ್ಟೊಂದು ವಾಹನಗಳು, ಪಕ್ಕದ ಕಾರಿನಲ್ಲಿ ಒಬ್ಬಾಕೆ ಕನ್ನಡಿ ನೋಡಿಕೊಂಡು ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ಹಲ್ಲಕ್ಕ ನಡೆಸಿದಳು. ಅವರು ಹೇಳಿದ ಕಡೆ ತಿರುಗಿಸಿದಳು. ಊರಾಚೆಯ ಗೋದಾಮುಗಳ ಹಿಂದೆ ಅವಳನ್ನು ಇಳಿಸಿ, ಬಳೆ, ಸರ, ಫೋನು ಕಿತ್ತುಕೊಂಡು, ಕೆನ್ನೆಗೆ ಒಂದು ಬಿಗಿದು, ಕಾರು ತೆಗೆದುಕೊಂಡು ಹೋದರು. ಹೋಗುವ ಮೊದಲು ಡಬ್ಬಿಗಳನ್ನೆಲ್ಲ ಹೊರಗೆಸೆದರು. ಒಂದರ ಮುಚ್ಚಳ ತೆರೆದು ಒಳಗಿದ್ದುದನ್ನು ಕಂಡು ಒಬ್ಬ ಬೆಚ್ಚಿಬಿದ್ದು "ಥೂ" ಎಂದು ಕೈ ಒರೆಸಿಕೊಂಡದ್ದು ಮಾತ್ರ ಅವಳಿಗೆ ಚೆನ್ನಾಗಿ ನೆನಪಿದೆ.

ಕಾರು ಕೆಲವು ದಿನಗಳಲ್ಲಿ ಸಿಕ್ಕಿತು, ಒಂದು ಚರಂಡಿಯ ಪಕ್ಕ. ಆ ಇಬ್ಬರು ಸಿಗಲಿಲ್ಲ.

ಕೆನ್ನೆಯ ಬಾವು ಇಳಿಯಿತು. ಇಳಿಯದೆ ಉಳಿದದ್ದು ಕೈನಡುಕ. ಮೇಣದ ಮೇಲೆ ಹಲ್ಲು ಕೂರಿಸಲು ಹೋದರೆ ಬೆರಳು ಅದುರಿ, ಹಲ್ಲು ಒಂದು ಕಡೆ, ಸಾಲು ಇನ್ನೊಂದು ಕಡೆ. ಒಬ್ಬ ಮುದುಕನ ಸೆಟ್ಟನ್ನು ಮತ್ತೆ ಮತ್ತೆ ಮಾಡಿದರೂ ಅವನ ಬಾಯಿಗೆ ಅದು ಸರಿಹೊಂದಲಿಲ್ಲ. ಡಾಕ್ಟರು ಬೈಯಲಿಲ್ಲ. "ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ಹಲ್ಲಕ್ಕ" ಎಂದರು. ಬೈದಿದ್ದರೇ ವಾಸಿಯಿತ್ತು ಎಂದು ಅವಳಿಗೆ ಅನಿಸಿತು. ಕಾರಂತೂ ದೂರದ ಮಾತು. ಕೀಲಿ ಹಿಡಿದು ಬಾಗಿಲ ತನಕ ಹೋಗುವಳು, ಹಿಂದಿನ ಸೀಟು ಕಂಡೊಡನೆ ವಾಪಸ್ಸು ಬರುವಳು.

ಆಗ ಬಂದವನು ತಮ್ಮ. ಬ್ಯಾಂಕಿನ ಹಣದ ಗಾಡಿಯ ಜೊತೆ ಬಂದೂಕು ಹಿಡಿದು ಓಡಾಡುವ ಕಾವಲುಗಾರ. ಅಕ್ಕ ಎಂದರೆ ಪ್ರಾಣ. ಅವಳ ಮುಖ ನೋಡಿ ಅವನಿಗೆ ತಡೆಯಲಾಗಲಿಲ್ಲ.

"ಅಕ್ಕ, ಕಾರಲ್ಲಿ ಒಂದು ಪಿಸ್ತೂಲು ಇಟ್ಕೋ. ನಿಂಗೆ ಲೈಸೆನ್ಸ್ ಸಿಗುತ್ತೆ, ಆಗಿರೋದನ್ನ ಹೇಳಿದ್ರೆ ಯಾರೂ ಇಲ್ಲ ಅನ್ನಲ್ಲ. ಎಲ್ಲಾ ನಾನು ಓಡಾಡಿ ಮಾಡಿಸ್ತೀನಿ."

ಗಂಡ ಊಟದ ತಟ್ಟೆಯಿಂದ ತಲೆ ಎತ್ತಿದ. "ಅವತ್ತು ಅದು ಇದ್ದಿದ್ರೆ ಏನ್ ಮಾಡ್ತಿದ್ಲು? ಕುತ್ತಿಗೆಗೆ ಚಾಕು ಹಿಡ್ದಿದ್ದ ಕಣಪ್ಪ."

"ಭಾವ, ನೀವು ಹೀಗೇ ಅಂತೀರಿ. ಹಾಗಾದ್ರೆ ಏನ್ ಮಾಡೋದು ಅಂತ ನೀವೇ ಹೇಳಿ."

ಗಂಡ ತನ್ನ ಕೈಲಾದದ್ದೆಲ್ಲ ಆಗಲೇ ಮಾಡಿ ಮುಗಿಸಿದ್ದ. ಕಾರಿನ ಬಾಗಿಲಿಗೆ ತಾನೇ ಲಾಕಾಗುವ ಯಂತ್ರ ಹಾಕಿಸಿದ್ದ, ಗಾಜಿಗೆ ಕಪ್ಪು ಹಾಳೆ ಅಂಟಿಸಿದ್ದ, ರಜೆ ಹಾಕಿ ತಾನೇ ಅವಳನ್ನು ಸುತ್ತಾಡಿಸಿದ್ದ. ರಜೆಗಳು ಮುಗಿದಿದ್ದವು. ಅವನು ಮತ್ತೆ ತಟ್ಟೆಯ ಕಡೆ ಬಗ್ಗಿದ.

"ನನಗೆ ಅದನ್ನ ಮುಟ್ಟೋಕೂ ಭಯ" ಎಂದಳು ಹಲ್ಲಕ್ಕ.

"ಕಲಿಸ್ತಾರೆ ಅಕ್ಕ."

ಕಲಿಸಿದವರು ಸೈನ್ಯದಿಂದ ನಿವೃತ್ತರಾದ ಒಬ್ಬ ಮೇಷ್ಟ್ರು. ಊರ ಹೊರಗೆ, ಮೂರು ಕಡೆ ಮಣ್ಣಿನ ದಿಬ್ಬ ಕಟ್ಟಿದ ಬಯಲಿನಲ್ಲಿ ಅವರ ತರಗತಿ. ಮೊದಲ ಗುಂಡು ಹಾರಿಸಿದಾಗ ಹಲ್ಲಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಗುಂಡು ಎಲ್ಲಿ ಹೋಯಿತೋ ದಿಬ್ಬಕ್ಕೇ ಗೊತ್ತು. ಆದರೂ ಹಲ್ಲು ಕೂರಿಸಿ ಪಳಗಿದ ಕಣ್ಣು, ಬೇಗ ಗುರಿ ಹಿಡಿಯಿತು. ಮೇಷ್ಟ್ರು ಮೆಚ್ಚಿದರು. ಕೊನೆಯ ದಿನ ಅವಳನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ಎದೆಗೆ ಬೆಲ್ಟು ಬಿಗಿದು, ಪಿಸ್ತೂಲನ್ನು ಸೀಟಿನ ಕೆಳಗಿಟ್ಟಂತೆ ಕಾಲಬುಡದಲ್ಲಿಟ್ಟರು. "ಈಗ ನಾನು ಬಾಗಿಲು ತೆಗೀತೀನಿ. ನೀವು ಪಿಸ್ತೂಲು ತೆಗೀರಿ ನೋಡೋಣ" ಎಂದರು.

ಅವಳು ಬಗ್ಗುವುದರೊಳಗೆ ಅವರ ಕೈ ಅವಳ ಭುಜದ ಮೇಲಿತ್ತು. ಇನ್ನೊಮ್ಮೆ ಮಾಡಿದರು. ಮತ್ತೊಮ್ಮೆ. ಪ್ರತಿ ಸಲವೂ ಅವರ ಕೈಯೇ ಮೊದಲು.

"ಇದನ್ನ ನಾನು ಎಲ್ರಿಗೂ ತೋರಿಸ್ತೀನಿ. ಆದ್ರೂ ಎಲ್ರೂ ತಗೊಂಡು ಹೋಗ್ತಾರೆ" ಎಂದರು ಮೇಷ್ಟ್ರು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ.

ತಮ್ಮ ಮಾಡಿಸಿಕೊಟ್ಟ ಲೈಸೆನ್ಸಿನ ಮೇಲೆ ಅವಳೂ ತೆಗೆದುಕೊಂಡು ಹೋದಳು. ಉಪಯೋಗಕ್ಕೆ ಬರುವುದಿಲ್ಲ ಎಂದು ತಿಳಿದೇ ತೆಗೆದುಕೊಂಡಳು. ಆದರೆ ವಿಚಿತ್ರ ನೋಡಿ, ಅದು ಸೀಟಿನ ಕೆಳಗೆ ಬಂದ ದಿನದಿಂದ ಅವಳು ಕಾರು ಹತ್ತಿದಳು. ಬೆನ್ನ ಹಿಂದಿನ ಸೀಟು ಬರೀ ಸೀಟಾಯಿತು. ಕೈನಡುಕ ನಿಂತಿತು. ಆ ಮುದುಕನ ಸೆಟ್ಟು ಕೊನೆಗೂ ಸರಿಯಾಗಿ ಕೂತು, ಅವನು ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ನಕ್ಕು ತೋರಿಸಿದನಂತೆ. ತಮ್ಮ ಗೆದ್ದವನಂತೆ ಓಡಾಡಿದ. ಹೆಂಡತಿ ಮತ್ತೆ ಮೊದಲಿನಂತೆ ಗೊಣಗಿಕೊಂಡು ಕೆಲಸ ಮಾಡುವುದು ಕೇಳಿಸಿದರೆ ಗಂಡನಿಗೆ ಅಷ್ಟೇ ಸಾಕಾಗಿತ್ತು.

ಮಗಳಿಗೆ ಮಾತ್ರ ಸಾಕಾಗಲಿಲ್ಲ. ಮದುವೆಯಾಗಿ ಅದೇ ಊರಿನಲ್ಲಿದ್ದ ಮಗಳು, ಕೆಲಸಕ್ಕೆ ಹೋಗುವಾಗ ಪುಟ್ಟ ಮೊಮ್ಮಗಳನ್ನು ಅಮ್ಮನ ಬಳಿ ಬಿಡುತ್ತಿದ್ದಳು. ಶಾಲೆಯಿಂದ ಕರೆತರುವುದೂ ಹಲ್ಲಕ್ಕನೇ. ಪಿಸ್ತೂಲಿನ ಸುದ್ದಿ ಕಿವಿಗೆ ಬಿದ್ದದ್ದೇ ಬಂದಳು.

"ಅಮ್ಮ, ಆ ಮಗು ಒಂದು ನಿಮಿಷ ಸುಮ್ನೆ ಕೂರಲ್ಲ. ಸೀಟಿನ ಕೆಳಗೆ ಪೆನ್ಸಿಲ್ ಬಿತ್ತು ಅಂತ ಕೈ ಹಾಕುತ್ತೆ."

"ಮಗು ಇದ್ದಾಗ ತೆಗೆದು ಮನೇಲಿ ಇಟ್ಟಿರ್ತೀನಿ ಕಣೆ."

"ಮರ್ತ್ರೆ?"

"ಮರೆಯಲ್ಲ."

"ಗ್ಯಾಸ್ ಆಫ್ ಮಾಡೋದು ಮರೀತೀಯಲ್ಲಮ್ಮ ನೀನು" ಎಂದು ಮಗಳು ಅತ್ತೇಬಿಟ್ಟಳು. "ನಿನ್ನ ಮೇಲೆ ಸಿಟ್ಟಲ್ಲ. ನಿಂಗೆ ಆಗಿದ್ದು ನಂಗೆ ಗೊತ್ತು. ಆದ್ರೆ ಅವಳನ್ನ ಆ ಕಾರಲ್ಲಿ ಕೂರಿಸೋಕೆ ನಂಗೆ ಆಗಲ್ಲ."

ಮಗಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಪಿಸ್ತೂಲಿಲ್ಲದೆ ಕಾರು ಹತ್ತಲು ಹಲ್ಲಕ್ಕನಿಂದಾಗದು ಎಂಬುದೂ ಸುಳ್ಳಾಗಿರಲಿಲ್ಲ. ಅಂದಿನಿಂದ ಮೊಮ್ಮಗಳನ್ನು ಶಾಲೆಯ ವ್ಯಾನು ಕರೆತರತೊಡಗಿತು. ಮಗು ಬಂದಾಗ "ಅಜ್ಜಿ, ನಿನ್ನ ಕಾರು ಕೆಟ್ಟೋಗಿದ್ಯಾ?" ಎಂದು ಕೇಳುತ್ತಿತ್ತು. "ಹೂಂ ಪುಟ್ಟಿ, ಕೆಟ್ಟಿದೆ" ಎನ್ನುತ್ತಿದ್ದಳು.

ದೊಡ್ಡಾಸ್ಪತ್ರೆಯ ಹಲ್ಲಿನ ವಿಭಾಗದಿಂದ ಆಗಾಗ ಅವಳಿಗೆ ಕೆಲಸ ಬರುತ್ತಿತ್ತು. ಆಸ್ಪತ್ರೆಯ ಗೇಟಿನಲ್ಲಿ ಬ್ಯಾಗು ತಪಾಸಣೆ ಮಾಡುತ್ತಿದ್ದರು. ಪಿಸ್ತೂಲನ್ನು ಒಳಗೆ ಒಯ್ಯುವಂತಿಲ್ಲ, ಲೈಸೆನ್ಸ್ ಇದ್ದರೂ ಅಷ್ಟೇ. ಹಾಗಾಗಿ ಅಲ್ಲಿಗೆ ಹೋದಾಗಲೆಲ್ಲ ಅದನ್ನು ಸೀಟಿನ ಕೆಳಗೇ ಬಿಟ್ಟು, ಬಟ್ಟೆ ಮುಚ್ಚಿ, ಬಾಗಿಲು ಲಾಕು ಮಾಡಿ, ಎಳೆದು ನೋಡಿ, ಇನ್ನೊಮ್ಮೆ ಎಳೆದು ನೋಡಿ ಹೋಗುತ್ತಿದ್ದಳು.

ಆ ದಿನ ಒಳಗೆ ತಡವಾಯಿತು. ಒಂದು ಹೆಂಗಸಿಗೆ ಸೆಟ್ಟು ಹಾಕಿ ನೋಡುವಾಗ ಕೆಳದವಡೆಯಲ್ಲಿ ಒತ್ತುತ್ತಿದೆ ಎಂದಳು ಆಕೆ. ಹಲ್ಲಕ್ಕ ಅಲ್ಲೇ ಕೂತು ಸ್ವಲ್ಪ ಸ್ವಲ್ಪವೇ ಉಜ್ಜಿ ಸರಿಮಾಡಿದಳು. ಹೆಂಗಸು ಕಚ್ಚಿ ನೋಡಿ, "ನಂದೇ ಹಲ್ಲಿನ ಹಾಗಿದೆ" ಎಂದಳು. ಆ ಮಾತಿನ ಖುಷಿಯಲ್ಲಿ ಹಲ್ಲಕ್ಕ ಹೊರಗೆ ಬಂದಳು.

ಕಾರಿನ ಕಿಟಕಿಯ ಗಾಜು ನೆಲದ ಮೇಲೆ ಸಕ್ಕರೆ ಚೆಲ್ಲಿದಂತೆ ಬಿದ್ದಿತ್ತು. ಹಿಂದಿನ ಸೀಟಿನ ಡಬ್ಬಿಗಳು ಇದ್ದಂತೆಯೇ ಇದ್ದವು. ಅವಳು ನೆಲಕ್ಕೆ ಮೊಣಕಾಲೂರಿ ಸೀಟಿನ ಕೆಳಗೆ ಕೈ ಹಾಕಿದಳು. ಬಟ್ಟೆ ಸಿಕ್ಕಿತು. ಬಟ್ಟೆ ಮಾತ್ರ. ಗಾಜಿನ ಚೂರು ಚುಚ್ಚಿ ಬೆರಳಿನಿಂದ ರಕ್ತ ಬರುತ್ತಿದ್ದರೂ ಆ ಸೀಟಿನ ಕೆಳಗೆ, ಈ ಸೀಟಿನ ಕೆಳಗೆ ತಡಕುತ್ತಲೇ ಇದ್ದಳು. ಕೊನೆಗೆ ಪಾರ್ಕಿಂಗಿನವನು ಬಂದು "ಅಮ್ಮಾ, ಏಳಿ ಅಮ್ಮಾ" ಎಂದು ಎಬ್ಬಿಸಿದ.

ಠಾಣೆಯಲ್ಲಿ ಒಬ್ಬ ಸಾಹೇಬರು ಎಲ್ಲ ಕೇಳಿಕೊಂಡರು. ವಯಸ್ಸಾದವರು, ಮೃದುವಾಗಿ ಮಾತಾಡುವವರು.

"ಗುಂಡು ತುಂಬಿತ್ತಾ?"

"ತುಂಬಿತ್ತು ಸಾರ್."

ಅವರು ಪೆನ್ನು ಕೆಳಗಿಟ್ಟರು. "ಮೇಡಂ, ಕಾರು ಕದ್ರೆ ಎಲ್ಲಾದ್ರೂ ನಿಲ್ಸಿ ಹೋಗ್ತಾರೆ, ಸಿಗುತ್ತೆ. ಇದು ಹಾಗಲ್ಲ. ಕೈಯಿಂದ ಕೈಗೆ ಹೋಗುತ್ತೆ. ಸಿಗೋದು ಯಾವಾಗ ಅಂದ್ರೆ..." ಎಂದರು.

"ಯಾವಾಗ ಸಾರ್?"

"ಯಾರಾದ್ರೂ ಅದನ್ನ ಉಪಯೋಗಿಸಿದ ಮೇಲೆ."

ಮನೆಗೆ ಬಂದು ಗಂಡನಿಗೆ ಹೇಳಿದಳು. ನಾನು ಮೊದಲೇ ಹೇಳಿರಲಿಲ್ಲವೇ ಎಂದು ಅವನು ಅಂದುಬಿಟ್ಟಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಅವನೋ ಅವಳ ಬೆರಳಿಗೆ ಬಟ್ಟೆ ಕಟ್ಟಿದ. "ನಿನ್ನ ತಪ್ಪಲ್ಲ" ಎಂದ. ತಮ್ಮ ಓಡಿ ಬಂದವನು ಬಾಗಿಲಲ್ಲೇ ನಿಂತು, "ನಾನು ಹೇಳ್ಬಾರ್ದಿತ್ತು ಅಕ್ಕ" ಎಂದು ಮುಖ ಮುಚ್ಚಿಕೊಂಡ. ಕೊನೆಗೆ ಅವನಿಗೆ ಸಮಾಧಾನ ಹೇಳುವುದೂ ಅವಳ ಪಾಲಿಗೇ ಬಂತು.

ಅಲ್ಲಿಂದ ಮುಂದೆ ಹಲ್ಲಕ್ಕನ ಭಯ ಬೇರೆಯದಾಯಿತು. ಮೊದಲು ತನಗೆ ಯಾರು ಏನು ಮಾಡಿಯಾರು ಎಂದು ಹೆದರುತ್ತಿದ್ದವಳು, ಈಗ ತನ್ನಿಂದ ಯಾರಿಗೆ ಏನಾದೀತು ಎಂದು ಹೆದರತೊಡಗಿದಳು. ಮೊದಲಿನದಕ್ಕೆ ಬಾಗಿಲು ಹಾಕಿಕೊಂಡು ಒಳಗೆ ಕೂರಬಹುದಿತ್ತು. ಇದಕ್ಕೆ ಯಾವ ಬಾಗಿಲು? ಬೆಳಗಾದರೆ ಪತ್ರಿಕೆ, ಸಂಜೆಯಾದರೆ ಟಿವಿ. ಎಲ್ಲೋ ಗುಂಡು ಹಾರಿತು ಎಂದರೆ ಸಾಕು, ಕೈಯಲ್ಲಿದ್ದುದನ್ನು ಬಿಟ್ಟು ಸಾಹೇಬರಿಗೆ ಫೋನು ಮಾಡುವಳು.

ಒಮ್ಮೆ ಔಷಧಿ ಅಂಗಡಿಯಲ್ಲಿ ದರೋಡೆಯಾಗಿ, ಕೌಂಟರಿನಲ್ಲಿದ್ದ ಯುವಕ ಸತ್ತನೆಂದು ಸುದ್ದಿ ಬಂತು. ಪತ್ರಿಕೆಯಲ್ಲಿ ಅವನ ಫೋಟೋ, ಅದರ ಪಕ್ಕ ಗೋಡೆಗೊರಗಿ ಕುಳಿತ ಅವನ ತಾಯಿಯ ಫೋಟೋ. ಹಲ್ಲಕ್ಕ ಫೋನು ಮಾಡಿದಳು. ಸಾಹೇಬರು ವಿಚಾರಿಸಿ ಹೇಳುತ್ತೇನೆ ಎಂದರು. ಆ ದಿನವೆಲ್ಲ ಅವಳು ಒಂದು ಗುಟುಕು ನೀರೂ ಕುಡಿಯಲಿಲ್ಲ. ಸಂಜೆ ಫೋನು ಬಂತು.

"ನಿಮ್ಮದಲ್ಲ ಮೇಡಂ. ಅದು ಬೇರೆ ಥರದ್ದು."

"ಅಬ್ಬಾ" ಎಂದುಬಿಟ್ಟಳು. ಮರುಕ್ಷಣವೇ ಆ ತಾಯಿಯ ಮುಖ ಕಣ್ಣೆದುರು ಬಂತು. ಮೇಜಿನ ಮೇಲೆ ಹರಡಿದ್ದ ಪತ್ರಿಕೆಯನ್ನು ಮಡಚಲೂ ಆಗದೆ, ನೋಡಲೂ ಆಗದೆ, ಕೋಣೆಯಿಂದ ಎದ್ದು ಹೋದಳು. ಹುಡುಗ ಸತ್ತದ್ದು ಸತ್ತದ್ದೇ. ತನಗೆ ನೆಮ್ಮದಿ ಹೇಗೆ ಬಂತು?

ಗಂಡ ಸಾಯಂಕಾಲದ ಹೊತ್ತು ಡಿಪೋದಿಂದ ಬಂದವನೇ ಕೈ ತೊಳೆದು, ಅವಳನ್ನೂ ಡಬ್ಬಿಗಳನ್ನೂ ಕಾರಿನಲ್ಲಿ ಕೂರಿಸಿಕೊಂಡು ಕ್ಲಿನಿಕ್ಕುಗಳಿಗೆ ಹೋಗಿಬರುತ್ತಿದ್ದ. ದೂರದ ಕ್ಲಿನಿಕ್ಕುಗಳನ್ನು ಅವಳು ಬಿಟ್ಟುಬಿಟ್ಟಳು. ಇನ್ನೊಂದು ಪಿಸ್ತೂಲಿನ ಮಾತನ್ನು ಯಾರೂ ಎತ್ತಲಿಲ್ಲ. ಮೊಮ್ಮಗಳನ್ನು ಮತ್ತೆ ಕಾರಿನಲ್ಲಿ ಕರೆದುಕೊಂಡು ಬಾ ಎಂದು ಮಗಳೇ ಹೇಳಿದಳು. "ನನಗೆ ಈಗ ಓಡಿಸೋಕೆ ಆಗಲ್ಲ ಕಣೆ" ಎಂದಳು ಹಲ್ಲಕ್ಕ. ಹಲ್ಲು ಕೂರಿಸುವಾಗ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿ ಹಿಡಿದುಕೊಳ್ಳುವುದು ಅಭ್ಯಾಸವಾಯಿತು. ಕೆಲಸ ನಿಧಾನವಾಗಿ ಸಾಗುತ್ತಿತ್ತು, ಆದರೂ ಸಾಗುತ್ತಿತ್ತು.

ಹೀಗೇ ಒಂದು ದಿನ ಟಿವಿಯಲ್ಲಿ ಒಂದು ಸುದ್ದಿ ನೋಡಿ ಠಾಣೆಗೆ ಫೋನು ಮಾಡಿದಾಗ ಎತ್ತಿದ ದನಿ ಬೇರೆಯದಾಗಿತ್ತು. ಆ ಸಾಹೇಬರಿಗೆ ವರ್ಗವಾಗಿದೆ ಎಂದಿತು ಆ ಎಳೆಯ ದನಿ.

"ನನ್ನ ಪಿಸ್ತೂಲಿನ ವಿಷಯ ಸಾರ್" ಎಂದಳು.

"ಯಾವ ಪಿಸ್ತೂಲು? ನೀವು ಯಾರು ಮಾತಾಡ್ತಿರೋದು?"

ಬಾಗಿಲಲ್ಲಿ ನಿಂತಿದ್ದ ಗಂಡ, ಇಟ್ಟುಬಿಡು ಎಂದು ಕೈಸನ್ನೆ ಮಾಡಿದ. ಹಲ್ಲಕ್ಕ ಇಡಲಿಲ್ಲ. ಕುರ್ಚಿ ಎಳೆದು ಕೂತು, "ಹಲ್ಲಿನ ಸೆಟ್ ಮಾಡೋಳು ಸಾರ್ ನಾನು..." ಎಂದು ಶುರುಮಾಡಿದಳು.